ಅಜೀಜಾಳ ಮಗು ಉಳಿದದ್ದು ಹೇಗೆ?

ಮೂರನೆಯ ಮಗುವೂ ಸತ್ತಿತ್ತು.

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆ. ಸಬ್‌ಇನ್ಸ್‌ಪೆಕ್ಟರ್ ಕೆಂಪಸಿದ್ದಯ್ಯ ಸೈಕಲ್ ಇಳಿಯುವ ಹೊತ್ತಿಗೆ ಮಳವಳ್ಳಿಯ ಲೋಕಾಂಬಾ ಹೆರಿಗೆ ಆಸ್ಪತ್ರೆಯ ಗೇಟಿನಲ್ಲಿ ಜನ ಕಿಕ್ಕಿರಿದಿದ್ದರು. ಎಲ್ಲರ ಬಾಯಲ್ಲೂ ಒಂದೇ ಹೆಸರು, ಸೂಲಗಿತ್ತಿ ಸುಲ್ತಾನ್ ಬೀ. ಹಾಗೆ ಕೂಗುತ್ತಿದ್ದವರಲ್ಲಿ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆಸ್ಪತ್ರೆಯ ಆಯಾ ಮರಿತಾಯಮ್ಮ ಎದೆ ಬಡಿದುಕೊಳ್ಳುತ್ತಾ ಓಡಿಬಂದಳು. ಸತ್ತ ಮೊದಲ ಮಗು ಅವಳ ಮಗಳು ಸೋಮಮ್ಮನದು.

"ಆ ಸೂಲಗಿತ್ತಿ ಬೂಬಮ್ಮ ಇಸ ಆಕವ್ಳೆ ಬುದ್ದಿ! ಸತ್ತಿದ್ದೆಲ್ಲ ನಮ್ಮೋರ ಕೂಸು. ಪಕ್ಕದ ಮಂಚದ ಅಜೀಜಾ ಮಗ ಮಾತ್ರ ಗುಂಡುಕಲ್ಲಂಗವ್ನೆ. ಅದೆಂಗೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕೆಂಪಸಿದ್ದಯ್ಯನಿಗೆ ಕಸಿವಿಸಿಯಾದದ್ದೂ ಅದಕ್ಕೇ.

ಲೇಡಿ ಡಾಕ್ಟರ್ ಯಶೋದಮ್ಮ ಸುಲ್ತಾನ್ ಬೀಯನ್ನು ಔಷಧಿ ಕೋಣೆಯಲ್ಲಿ ಕೂರಿಸಿ ಬೀಗ ಹಾಕಿದ್ದರು. ಜನರ ಕೈಗೆ ಸಿಕ್ಕರೆ ಉಳಿಯುತ್ತಿರಲಿಲ್ಲ.

"ನಾನೇನ್ ಏಳ್ಲಿ ಸಾಬ್? ಕೈ ತೊಳ್ದೆ, ಕೂಸು ಇಡ್ಕೊಂಡೆ, ತಾಯಿ ಕೈಗೆ ಕೊಟ್ಟೆ. ಜೈಲಿಗೆ ಬೇಕಾದ್ರೆ ಓಯ್ತೀನಿ. ಕೂಸು ಕೊಂದೋಳು ಅನ್ನಿಸ್ಕೊಂಡು ಈ ಊರಲ್ಲಿ ಎಂಗ್ ಬದುಕ್ಲಿ?"

ಅವಳ ಚೀಲದಲ್ಲಿ ಒಂದು ಸೀಸೆ ಸಿಕ್ಕಿತು. ಕೆಂಪಸಿದ್ದಯ್ಯ ಬಿರಡೆ ತೆಗೆದು ಮೂಸಿದ.

"ಕೊಬ್ಬರಿ ಎಣ್ಣೆ," ಎಂದರು ಯಶೋದಮ್ಮ. "ಕಾಯಿಸಿ ಕೊಟ್ಟವಳು ನಾನೇ. ಅಜೀಜಾ ಮಗುವಿಗೂ ಅದನ್ನೇ ಹಚ್ಚಿದ್ದಾಳೆ. ಇದು ವಿಷ ಅಲ್ಲ ಇನ್ಸ್‌ಪೆಕ್ಟರೇ. ಸತ್ತ ಮಕ್ಕಳ ಮೈಮೇಲೆ ಕೀವುಗುಳ್ಳೆ ಎದ್ದು ನಂಜು ರಕ್ತಕ್ಕೆ ಇಳಿದಿದೆ. ಯಾರದೋ ಕೈಯಿಂದ ಬಂದಿರಬೇಕು."

ಸುಲ್ತಾನ್ ಬೀ ಎರಡೂ ಕೈ ಮುಂದೆ ಚಾಚಿದಳು. ಒಂದು ತರಚು ಗಾಯವೂ ಇರಲಿಲ್ಲ.

"ಗುಳ್ಳೆ ಮೊದಲು ಎದ್ದದ್ದು ಎಲ್ಲಿ? ಹೊಕ್ಕುಳಲ್ಲೇ?" ಕೆಂಪಸಿದ್ದಯ್ಯ ಡಾಕ್ಟರನ್ನು ಕೇಳಿದ.

"ಇಲ್ಲ. ಬೆನ್ನು, ಕತ್ತಿನ ಹಿಂಭಾಗ."

ಸೂಲಗಿತ್ತಿಯ ಕೆಲಸವೆಲ್ಲ ಹೊಕ್ಕುಳಿನಲ್ಲಿ. ಬೆನ್ನಿಗೆ ಹಗಲೂ ರಾತ್ರಿ ತಾಗುವುದು ಬಟ್ಟೆ.

"ಬಟ್ಟೆ ಎಲ್ಲಿಂದ ಬರುತ್ತೆ?"

"ಎಲ್ಲ ಇಲ್ಲೇ ಕುದಿಸಿದ್ದು. ಹೊರಗಿನ ಒಂದು ಚಿಂದಿಯೂ ಒಳಗೆ ಬರಕೂಡದು ಅಂತ ಕಟ್ಟಪ್ಪಣೆ ಮಾಡಿದ್ದೇನೆ."

ಕಟ್ಟಪ್ಪಣೆ ಇದ್ದ ಕಡೆ ಕಳ್ಳದಾರಿಯೂ ಇರುತ್ತದೆ ಎಂದು ಪೊಲೀಸಿನವನಿಗೆ ಯಾರೂ ಕಲಿಸಬೇಕಿಲ್ಲ.

*

"ನಿಮ್ಮ ಮಗೀಗೆ ಏನು ಸುತ್ತಿದ್ರಮ್ಮ?" ವಾರ್ಡಿನಲ್ಲಿ ಕೆಂಪಸಿದ್ದಯ್ಯ ಕೇಳಿದ.

"ಇದೇ, ಆಸ್ಪತ್ರೆ ಬಟ್ಟೆ," ಎಂದಳು ಅಜೀಜಾ. "ಆಯಾ ಮರಿತಾಯಮ್ಮ ನನ್ ಮಂಚದ ಕಡೆ ತಿರುಗೂ ನೋಡಲ್ಲ."

ಆಚೆ ಮಂಚದ ಬೆಟ್ಟಮ್ಮ ಮುಖ ತಿರುಗಿಸಿಕೊಂಡಳು. ಅವಳ ಮಗುವಿನ ಬೆನ್ನಲ್ಲಿ ಆಗಲೇ ಎರಡು ಗುಳ್ಳೆ ಎದ್ದಿದ್ದವು.

"ಬೆಟ್ಟಮ್ಮ, ಕೂಸು ಉಳೀಬೇಕೋ ಬ್ಯಾಡ್ವೋ?"

ಅವಳ ಅಳು ಒಡೆಯಿತು. "ಪೂರಿಗಾಲಿ ಮರಿಸಿದ್ದಯ್ಯ ತಾತನ ಪಂಚೆ ತುಂಡು ಬುದ್ದಿ. ಮೊದಲ್ನೇ ಬಟ್ಟೆ ಆಯಸ್ಸಿರೋರ್ದು ಆಗ್ಬೇಕಲ್ವಾ? ಒಗುದ್ರೆ ಆಯಸ್ಸು ನೀರಲ್ಲಿ ಓಯ್ತದೆ ಅಂತ ಆಯಮ್ಮ ಅಂಗೇ ಒಳಗೆ ಸುತ್ತುದ್ಲು. ಡಾಕ್ಟ್ರಮ್ಮಂಗೆ ಏಳ್ಬ್ಯಾಡ ಅಂದ್ಲು."

ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಬಾಳಿ ಬದುಕಿದ ಹಿರಿಯರ ಹಳೆಯ ಬಟ್ಟೆಯನ್ನೇ ಸುತ್ತುತ್ತಾರೆ. ಕೆಂಪಸಿದ್ದಯ್ಯನಿಗೂ ಅವನ ಅಜ್ಜಿ ಹಾಗೇ ಸುತ್ತಿದ್ದಳು. ಆದರೆ ಒಗೆದು, ಬಿಸಿಲಿಗೆ ಒಣಹಾಕಿ.

"ಆ ತುಂಡು ಎಲ್ಲಿ?"

"ಬೆಳಿಗ್ಗೆ ಬಂದು ಕಿತ್ಕೊಂಡ್ ಓದ್ಲು."

ಕೆಂಪಸಿದ್ದಯ್ಯ ಯಶೋದಮ್ಮನವರನ್ನು ಕರೆದು ಮಗುವಿನ ಬೆನ್ನು ತೋರಿಸಿ ಸೈಕಲ್ ಹತ್ತಿದ.

*

ಪೂರಿಗಾಲಿಯಲ್ಲಿ ಮರಿಸಿದ್ದಯ್ಯ ಜಗಲಿಯ ಮೇಲೆ ರಾಗಿ ಅಂಬಲಿ ಕುಡಿಯುತ್ತಾ ಕೂತಿದ್ದ. ನೂರು ದಾಟಿದೆ ಎನ್ನುತ್ತಿದ್ದರು.

"ತಾತ, ಸ್ವಲ್ಪ ಬೆನ್ನು ತೋರ್ಸು."

ಹೊದ್ದಿದ್ದ ಪಂಚೆ ಸರಿಸಿದರೆ ಬೆನ್ನ ತುಂಬ ಒಡೆದ ಕುರುಗಳು. ಬಟ್ಟೆಗೆ ಕೀವು ಅಂಟಿತ್ತು.

"ಬ್ಯಾಸ್ಗೆ ಕುರ ಕಣಪ್ಪ. ಆಸ್ಪತ್ರೆ ಮರಿತಾಯಿ ನೆನ್ನೆ ಸಂಜೆ ಇನ್ನೊಂದು ಪಂಚೆ ಕೇಳ್ಕೊಂಡು ಬಂದಿದ್ಲು. ಬೆನ್ನು ನೋಡ್ಬುಟ್ಟು ನಿಂತಲ್ಲೇ ನಿಂತ್ಕೊಂಡ್ಲು. ಆಮ್ಯಾಕೆ ಪಂಚೇನೂ ಈಸ್ಕಳ್ದೆ ಒಂಟೋದ್ಲು."

*

"ಅಜೀಜಾ ಮಗ ಎಂಗೆ ಉಳುದ ಅಂತ ನೀನು ಕೇಳಿದ್ಯಲ್ಲ," ಎಂದ ಕೆಂಪಸಿದ್ದಯ್ಯ. ಡಾಕ್ಟರ ಕೋಣೆಯಲ್ಲಿ ಮರಿತಾಯಮ್ಮ ಅವನ ಎದುರು ನಿಂತಿದ್ದಳು. "ತಾತನ ಬಟ್ಟೆ ಸಾಬರ ಕೂಸಿಗೆ ಯಾಕೆ ಅಂತ ನೀನು ಕೊಡ್ಲಿಲ್ಲ. ಅದಕ್ಕೇ ಉಳೀತು. ಉಳಿದ ಮಕ್ಕಳಿಗೆಲ್ಲ ಆ ಪಂಚೆಯಿಂದ್ಲೇ ಬೆನ್ನಿಗೆ ಕೀವು ತಗುಲ್ತು. ಸುತ್ತಿದಾಗ ನಿಂಗೆ ಗೊತ್ತಿರ್ಲಿಲ್ಲ, ಒಪ್ಪಿದೆ. ನೆನ್ನೆ ಸಂಜೆ ಗೊತ್ತಾಯ್ತು. ಬೆಳಿಗ್ಗೆ ತುಂಡು ಕಿತ್ಕೊಂಡೆ. ಮಧ್ಯಾಹ್ನ ಬೂಬಮ್ಮನ ತಲೆಗೆ ಕಟ್ಟಿದೆ. ತುಂಡು ಎಲ್ಲಿ?"

"ಒಲೆಗಾಕ್ದೆ."

"ಡಾಕ್ಟ್ರಿಗೆ ಒಂದು ಮಾತು ಏಳಕ್ಕೇನಾಗಿತ್ತು? ಬೆಟ್ಟಮ್ಮನ ಕೂಸಿಗೆ ಬೆಳಿಗ್ಗೇನೇ ಮದ್ದು ಸಿಗ್ತಿತ್ತಲ್ಲ!"

ಮರಿತಾಯಮ್ಮ ಕುಸಿದು ಕೂತಳು. "ನನ್ ಮಗ್ಳಿಗೆ ಏನಂತ ಏಳ್ಲಿ ಬುದ್ದಿ? ನಿನ್ ಕೂಸ್ನ ನಾನೇ ತಿಂದೆ ಅಂತ್ಲಾ?"

ಯಶೋದಮ್ಮ ಮತ್ತೆ ಬೆಟ್ಟಮ್ಮನ ಮಗುವಿನ ಕಡೆ ಓಡಿದರು. ಕೆಂಪಸಿದ್ದಯ್ಯ ಪಕ್ಕದ ಔಷಧಿ ಕೋಣೆಯ ಬೀಗ ತೆಗೆದ. ಸುಲ್ತಾನ್ ಬೀ ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಜನ ಇನ್ನೂ ಚದುರಿಲ್ಲ ಬೂಬಮ್ಮ. ಹಿತ್ತಲ ಬಾಗ್ಲಿಂದ ಮನೆಗೆ ಹೋಗ್ಬಿಡಿ."

"ಕಳ್ಳೀನಾ ನಾನು, ಇತ್ಲಿಂದ ಓಗಕ್ಕೆ? ಗೇಟಿಂದ್ಲೇ ಓಯ್ತೀನಿ. ಏನಾಯ್ತು ಅಂತ ಇವ್ಳೇ ಏಳ್ಲಿ."

ಮರಿತಾಯಮ್ಮ ಎದ್ದಳು. ಗೇಟಿನಲ್ಲಿ ಸೋಮಮ್ಮ ನಿಂತಿದ್ದಳು, ಹಸಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು.

"ಬೂಬಮ್ಮಂದಲ್ಲ ಕಣವ್ವ ತಪ್ಪು," ಎಂದಳು ಮರಿತಾಯಮ್ಮ. ಉಳಿದದ್ದನ್ನೂ ಜನರ ಮುಂದೆ ಹೇಳಿ ಮುಗಿಸಿದಳು.

ಜನ ದಾರಿ ಬಿಟ್ಟರು. ಸುಲ್ತಾನ್ ಬೀ ತಲೆಯ ಸೆರಗು ಸರಿಪಡಿಸಿಕೊಂಡು ಅವರ ನಡುವೆಯೇ ನಡೆದಳು. ಸೋಮಮ್ಮ ಅವಳ ಹಿಂದೆ ಹೋದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ.