ಕಿವಿಯವರೆಗೆ ಹೋದ ಕೈ

ಚಂದ್ರಶೇಖರ ಆಮಂತ್ರಣ ಪತ್ರಿಕೆಯನ್ನು ಹರಿದದ್ದು ತಂದೆಯ ಎದುರಿಗೇ. ಎರಡು ತುಂಡಾಯಿತು, ನಾಲ್ಕಾಯಿತು, ಎಂಟಾಯಿತು; ಅಷ್ಟಾದರೂ ಸಮಾಧಾನವಾಗದೆ ಚೂರುಗಳನ್ನು ನಡುಮನೆಯ ತುಂಬ ಎರಚಿದ. ಬೆಂಗಳೂರಿನಿಂದ ಅವನ ಜೊತೆ ಊರಿಗೆ ಬಂದಿದ್ದ ಹೆಂಡತಿ ಪಂಕಜಾಕ್ಷಿ ಬಾಗಿ ಒಂದೊಂದನ್ನೇ ಸೆರಗಿಗೆ ಆಯ್ದುಕೊಳ್ಳತೊಡಗಿದಳು. ಮಂಚದ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದ ಕಲ್ಲೇಶಪ್ಪನವರು ಮಾತ್ರ ತಲೆಯೆತ್ತಲಿಲ್ಲ.

ಪತ್ರಿಕೆಯಲ್ಲಿ ಬೈಗುಳವೇನೂ ಇರಲಿಲ್ಲ. ಬೆಂಗಳೂರು, ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ಸ್ಯಾಕ್ಸೊಫೋನ್ ಊದಿ, ಜಾಝ್ ವಾದಕನೆಂದು ಹೆಸರು ಮಾಡಿದವನನ್ನು ಕಡೂರಿನವರು ಸನ್ಮಾನಕ್ಕೆ ಕರೆದಿದ್ದರು. ಎಂಬತ್ತೈದರ ಆ ಬೇಸಿಗೆಯವರೆಗೆ ಸ್ವಂತ ಸೀಮೆಯವರು ಅವನನ್ನು ಒಮ್ಮೆಯೂ ಕರೆದಿರಲಿಲ್ಲ. ಆದರೆ ಪತ್ರಿಕೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದದ್ದು ‘ರಂಗಭೂಮಿಯ ಖ್ಯಾತ ದಂಪತಿ ಕಲ್ಲೇಶಪ್ಪ–ಮಲ್ಲಿಕಾಂಬ ಇವರ ಸುಪುತ್ರ’ ಎಂದು. ಅವನ ಹೆಸರು ಅದರ ಕೆಳಗೆ, ಸಣ್ಣಗೆ. ನಲವತ್ತು ತುಂಬುತ್ತ ಬಂದ ಗಂಡಸು ಇನ್ನೂ ಸುಪುತ್ರನಾಗಿಯೇ ಇರಬೇಕೆಂದರೆ ಏನು ಕರ್ಮ!

ಈ ಉರಿ ಇಂದು ನಿನ್ನೆಯದಲ್ಲ. ತರೀಕೆರೆಯ ಬಸ್‌ಸ್ಟ್ಯಾಂಡಿನಿಂದ ಶಾಲೆಯ ಹಾಜರಿಯವರೆಗೆ ಅವನು ಎಲ್ಲರಿಗೂ ‘ಕಲ್ಲೇಶಪ್ಪನೋರ ಮಗ’. ಅಪ್ಪ, ಅಮ್ಮ ಜೋಡಿಯಾಗಿ ರಂಗಕ್ಕೆ ಬಂದರೆ ಜನ ಎದ್ದು ನಿಂತು ‘ಒನ್ಸ್ ಮೋರ್’ ಕೂಗುತ್ತಿದ್ದರು. ಮಗ ಕೆಳಗೆ ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತಿರುತ್ತಿದ್ದ. ಹದಿಮೂರನೆಯ ವಯಸ್ಸಿನಿಂದ ನಾಟಕ ಕಂಪನಿಗೆ ಪೇಟಿ ಮೇಷ್ಟ್ರು ಅವನೇ. ಶ್ರುತಿ ಮೇಲಾಯಿತೆಂದರೆ ಅಪ್ಪ ಬಲಗಿವಿ ಮುಟ್ಟಿಕೊಳ್ಳುವರು. ಅವನು ಒಂದು ಮನೆ, ಎಂದರೆ ಪೇಟಿಯ ಒಂದು ಕೀಲಿಯಷ್ಟು, ಕೆಳಗಿಳಿಸುವನು. ಅವನು ಶ್ರುತಿ ಕೊಡದೆ ಆ ಹಾಡು ಏಳುತ್ತಲೇ ಇರಲಿಲ್ಲ. ಆದರೆ ಚಪ್ಪಾಳೆಗೆ ಕೈಮುಗಿಯುತ್ತಿದ್ದವರು ಅಪ್ಪ. ದಾಯಾದಿಗಳ ಮೇಲೆ ಹೊಟ್ಟೆಕಿಚ್ಚಾದರೆ ಜಗಲಿಯ ಮೇಲೆ ಕುಳಿತು ನಾಲ್ಕು ಜನರ ಹತ್ತಿರ ಆಡಿಕೊಳ್ಳಬಹುದು. ಹೆತ್ತವರ ಮೇಲೆಯೇ ಆದರೆ ಯಾರಿಗೆ ಹೇಳುವುದು?

ಜಾಝ್ ಹಿಡಿದದ್ದೂ ಆ ಕಿಚ್ಚಿನಿಂದಲೇ. ಬ್ಯಾಂಡಿನವನೊಬ್ಬನಿಂದ ಹಳೆಯ ಸ್ಯಾಕ್ಸೊಫೋನ್ ಪಡೆದು, ರೇಡಿಯೋದಲ್ಲಿ ಪರದೇಶದ ಸ್ಟೇಷನ್ ತಿರುವಿ ಕೇಳಿ ಕೇಳಿ ಕಲಿತ. ಒಂದು ಧಾಟಿ ಹಿಡಿದು, ಅದನ್ನು ಪ್ರತಿಸಲವೂ ತನಗೆ ತೋಚಿದಂತೆ ಬೆಳೆಸುತ್ತ ಹೋಗುವ ಆ ಸಂಗೀತ ಅವನಿಗೆ ಹುಚ್ಚು ಹಿಡಿಸಿತು. ಇದಂತೂ ಅಪ್ಪನದಲ್ಲ, ನನ್ನದು ಎಂದುಕೊಂಡ.

ಎಪ್ಪತ್ತನಾಲ್ಕರಲ್ಲಿ ಕಂಪನಿ ಅಜ್ಜಂಪುರದಲ್ಲಿತ್ತು. ಭಾನುವಾರ ಮಧ್ಯಾಹ್ನ, ಹೆಂಗಸರಿಗೆಂದೇ ಇಟ್ಟ ಆಟ. ವಿರಾಮದಲ್ಲಿ ಹತ್ತು ನಿಮಿಷ ತನ್ನ ವಾದ್ಯ ನುಡಿಸಲೇ ಎಂದು ಮಗ ಕೇಳಿದ. ಕಲ್ಲೇಶಪ್ಪನವರು ಹಿಗ್ಗಿ, ತಾವೇ ಪರದೆಯ ಮುಂದೆ ಬಂದು, ಇವನು ನನ್ನ ಮಗ ಎಂದು ಪರಿಚಯಿಸಿ ಹೋದರು. ಎರಡು ನಿಮಿಷಕ್ಕೆಲ್ಲ ಗುಸುಗುಸು ಶುರುವಾಯಿತು. “ಸಾಕು ಕಣಪ್ಪಾ, ಕಲ್ಲೇಶಪ್ಪನೋರ್ನ ಕಳ್ಸು” ಎಂದು ಮುಂದಿನ ಸಾಲಿನ ಮುದುಕಿಯೊಬ್ಬಳು ಕೂಗಿದಳು. ಇಡೀ ಟೆಂಟು ಗೊಳ್ಳೆಂದು ನಕ್ಕಿತು. ಚಂದ್ರಶೇಖರ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಪೇಟಿಯ ಮುಂದೆ ಬಂದು ಕುಳಿತ.

ಮುಂದಿನ ದೃಶ್ಯದಲ್ಲಿ ಅಪ್ಪ ಹಾಡಿದರು. ಒನ್ಸ್ ಮೋರ್ ಬಿತ್ತು. ಎಂದಿನಂತೆ ಅವರು ಕಣ್ಣು ಮುಚ್ಚಿ ಶ್ರುತಿಗಾಗಿ ಕಾದರು. ಆಗ ಮಗನ ಬೆರಳು ತಾನಾಗಿಯೇ ಜರುಗಿತು... ತಾನಾಗಿಯೇ ಎನ್ನುವುದು ಸುಳ್ಳು. ಬೇಕೆಂದೇ ಮೂರು ಮನೆ ಮೇಲೇರಿಸಿ ಶ್ರುತಿ ಕೊಟ್ಟ.

ಐವತ್ತೆಂಟು ವರ್ಷದ ಗಂಟಲು ಎರಡು ಸಾಲು ತಡೆಯಿತು. ಮೂರನೆಯ ಸಾಲಿನ ತುದಿಯಲ್ಲಿ ಒಡೆದು ಹೋಯಿತು. ಪಕ್ಕದಲ್ಲಿ ನಿಂತಿದ್ದ ಮಲ್ಲಿಕಾಂಬ ಉಳಿದದ್ದನ್ನು ತಾವು ಎತ್ತಿಕೊಂಡು ಹಾಡಿ ಮುಗಿಸಿದರು. ಸಂಜೆ ಕಲ್ಲೇಶಪ್ಪನವರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತ, ಗಂಟಲು ಹೋಯಿತು, ಇನ್ನು ಸಾಕು ಎಂದರು. ಅಷ್ಟೇ. ಆ ಕಂಠ ಮತ್ತೆ ಮೇಲೇಳಲಿಲ್ಲ. ಅವರಿಲ್ಲದ ರಂಗ ತನಗೂ ಬೇಡವೆಂದು ಮಲ್ಲಿಕಾಂಬ ಕೂಡ ಬಣ್ಣ ಬಿಟ್ಟರು. ಮಗ ಬೆಂಗಳೂರಿನ ರೈಲು ಹತ್ತಿದ.

ಅಲ್ಲಿ ಗೋವಾದ ಮುದಿ ವಾದಕನೊಬ್ಬ ಅವನನ್ನು ತಿದ್ದಿ ತೀಡಿ ತನ್ನ ತಂಡಕ್ಕೆ ಸೇರಿಸಿಕೊಂಡ. ಚಂದ್ರಶೇಖರ ಕೋಟು ಹಾಕಿದ, ಬೊಂಬಾಯಿಗೂ ಹೋಗಿ ಬಂದ, ಚಪ್ಪಾಳೆಗೆ ತಾನೇ ಬಾಗಿದ. ಆದರೆ ಒಮ್ಮೆ ಹೋಟೆಲಿಗೆ ಬಂದ, ಊರ ಕಡೆಯ ಹಿರೇನಲ್ಲೂರಿನವನೊಬ್ಬ ಮೇಜಿನಿಂದ ಚೀಟಿ ಕಳಿಸಿದ್ದ: ‘ತಾವು ಕಲ್ಲೇಶಪ್ಪನವರ ಮಗನಂತೆ, ಅವರದೊಂದು ಹಾಡು ಊದಿ!’ ಆ ದಿನ ಅವನಿಗೆ ಅನ್ನ ಸೇರಲಿಲ್ಲ. ಅಂದಿನ ಶ್ರುತಿಯ ಬಗ್ಗೆ ಅಪ್ಪನಿಗೆ ಏನೂ ಗೊತ್ತಾಗಿಲ್ಲ ಎಂಬ ನಂಬಿಕೆಯೊಂದೇ ಹನ್ನೊಂದು ವರ್ಷ ಅವನನ್ನು ಕಾಪಾಡಿಕೊಂಡು ಬಂದಿತ್ತು.

ಈಗ ಪತ್ರಿಕೆಯ ಚೂರುಗಳನ್ನು ಕಂಡ ಮಲ್ಲಿಕಾಂಬ ಮಗನನ್ನು ಹಿತ್ತಿಲಿಗೆ ಕರೆದರು.

“ಅಜ್ಜಂಪುರದಲ್ಲಿ ಹರಿದಿದ್ದು ಸಾಲ್ದಾಯ್ತೇನೋ ಚಂದ್ರು?”

ಅವನು ಥಟ್ಟನೆ ಹಿತ್ತಿಲ ಬಾಗಿಲನ್ನು ಎಳೆದು ಮುಚ್ಚಿದ.

“ನಾನು ಪಕ್ಕದಲ್ಲೇ ನಿಂತಿದ್ದೆ ಕಣೋ. ಮೂರು ಮನೆ ಏರಿಸ್ದೆ ನೀನು. ಅವರ ಕೈ ಕಿವೀಗೆ ಹೋಗಿದ್ದನ್ನ ನೋಡ್ಲಿಲ್ವಾ?”

ನೋಡಿದ್ದ. ಆ ಕೈ ಕಿವಿಯವರೆಗೆ ಹೋಗಿ, ಮುಟ್ಟದೆ, ಕೆಳಗಿಳಿದಿತ್ತು. ಬೆವರು ಒರೆಸಿಕೊಳ್ಳಲು ಹೋದ ಕೈ ಎಂದು ಇಷ್ಟು ವರ್ಷ ತನ್ನನ್ನು ತಾನೇ ನಂಬಿಸಿಕೊಂಡಿದ್ದ.

“ಆ ಸನ್ನೆ ಯಾರಿಗೆ ಗೊತ್ತಿರ್ಲಿಲ್ಲ? ಮುಟ್ಟಿದ್ರೆ ಪೇಟಿ ಮೇಷ್ಟ್ರು ತಪ್ಪಿದ ಅಂತ ಆ ಹೆಂಗಸ್ರೆಲ್ಲ ಇನ್ನೊಂದ್ಸಲ ನಗ್ತಿದ್ರು. ಒಂದೇ ದಿನ ಎರಡು ಸಲ ನಿನ್ನ ಮರ್ಯಾದೆ ಹೋಗ್ಬಾರ್ದು ಅಂತ... ಹೋದ್ರೆ ನಂದೇ ಹೋಗ್ಲಿ ಅಂತ ಹಾಡಿಬಿಟ್ರು ನಿಮ್ಮಪ್ಪ. ಬಾಯಿ ಬಿಡಲ್ಲ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಇವತ್ತು ಮುರ್ದೆ.”

ಚಂದ್ರಶೇಖರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಅಪ್ಪನ ಕಂಠವನ್ನು ತಾನು ಕದ್ದದ್ದು ಎಂದುಕೊಂಡಿದ್ದನಲ್ಲ... ಅಪ್ಪ ತಿಳಿದೂ ತಿಳಿದೂ, ಕೈಯಾರೆ ಕೊಟ್ಟದ್ದಾಗಿತ್ತು ಅದು! ಅವನು ಬಾಯಿಗೆ ಟವೆಲು ಒತ್ತಿಕೊಂಡು ಅತ್ತ. ಒಳಗೆ ಪಂಕಜಾಕ್ಷಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅನ್ನದ ಅಗುಳು ಹಚ್ಚಿ ಚೂರುಗಳನ್ನು ಜೋಡಿಸುತ್ತಿದ್ದಳು.

ಕಡೂರಿನ ಸಭೆಗೆ ಮಲ್ಲಿಕಾಂಬ ಗಂಡನನ್ನು ಒತ್ತಾಯದಿಂದ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಚಂದ್ರಶೇಖರ ಚೆನ್ನಾಗಿಯೇ ನುಡಿಸಿದ. ಜನ ಮೆಚ್ಚಿದರು, ಶಾಲು ಹೊದಿಸಿದರು. ಅವನು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತ.

“ನಮ್ಮ ಅಪ್ಪಾಜಿ ಗಂಟಲು ವಯಸ್ಸಾಗಿ ಹೋಗಿದ್ದಲ್ಲ. ಅವತ್ತು ಅಜ್ಜಂಪುರದಲ್ಲಿ ನಾನು ಬೇಕಂತ್ಲೇ ಶ್ರುತಿ ಏರಿಸ್ದೆ. ಹೊಟ್ಟೆಕಿಚ್ಚಿಗೆ.”

ಅವನು ವಾದ್ಯ ಹಿಡಿದು ಕೆಳಗಿಳಿದು ತಂದೆಯ ಮುಂದೆ ನಿಂತ. ಆ ಹಳೆಯ ಹಾಡಿಗೆ, ಹಳೆಯ ಶ್ರುತಿಗಿಂತ ತಗ್ಗಿಸಿ ಒಂದು ಸ್ವರ ಊದಿದ. ಕಲ್ಲೇಶಪ್ಪನವರು ಮಗನ ಮುಖವನ್ನೇ ನೋಡಿದರು. ಆಮೇಲೆ ಅವರ ಕೈ ಮೆಲ್ಲಗೆ ಮೇಲೆದ್ದು ಬಲಗಿವಿಯನ್ನು ಮುಟ್ಟಿತು. ಅವನು ಒಂದು ಮನೆ ಇಳಿಸಿದ. ಕೈ ಮತ್ತೊಮ್ಮೆ ಮುಟ್ಟಿತು. ಇನ್ನೊಂದು ಮನೆ ಇಳಿಸಿದ.

ಅವರು ಹಾಡಿದರು. ಗೊಗ್ಗರು ದನಿ, ನಾಲ್ಕೇ ಸಾಲು. ಮಲ್ಲಿಕಾಂಬ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಎಂದು ಕೂಗಿದರು. ಇಡೀ ಸಭೆ ದನಿಗೂಡಿಸಿತು. ಸನ್ಮಾನ ಮಗನಿಗೆ, ಒನ್ಸ್ ಮೋರ್ ಅಪ್ಪನಿಗೆ! ಚಂದ್ರಶೇಖರನ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು; ಅದು ಸತ್ತಿರಲಿಲ್ಲ, ಸಾಯುವುದೂ ಇಲ್ಲ ಎಂದು ಅವನಿಗೆ ತಿಳಿಯಿತು.

ಕಲ್ಲೇಶಪ್ಪನವರು ಕಣ್ಣು ಮುಚ್ಚಿ ಶ್ರುತಿಗಾಗಿ ಕಾದರು. ಚಂದ್ರಶೇಖರ ಮೊದಲು ಅಪ್ಪನ ಕೈ ನೋಡಿದ. ಆಮೇಲೆ ಊದಿದ.