ನಿಶ್ ನಗರದಲ್ಲಿ ಒಂದು ಜಾಗ

ಗ್ರಂಥಾಲಯದ ಕಿಟಕಿಯಾಚೆ ನಿಂತು ಇಣುಕುತ್ತಿದ್ದವನನ್ನು ಹೀಟರ್ ರಿಪೇರಿಗೆ ಬಂದವನೆಂದುಕೊಂಡೆ.

"ಬನ್ನಿ, ಆ ಮೂಲೇಲಿದೆ. ಬೆಳಗಿಂದ ತಣ್ಣಗೆ ಕೂತಿದೆ," ಎಂದೆ.

ಅವನು ಒಳಗೆ ಬಂದ. ಮಂಡಿಯೂರಿ ಕೂತು, ಜೇಬಿನಿಂದ ನಾಣ್ಯ ತೆಗೆದು ಅದರ ಅಂಚಿನಿಂದಲೇ ಒಂದು ಸ್ಕ್ರೂ ತಿರುಗಿಸಿದ. ಹೀಟರ್ ಉಸ್ಸೆಂದಿತು. ಆಮೇಲೆ ನನ್ನತ್ತ ನೋಡಿದ. ನಿದ್ದೆ ಕಾಣದ ಬೂದುಗಣ್ಣು, ಅದರ ತುದಿಯಲ್ಲಿ ಮಾತ್ರ ಒಂದಿಷ್ಟು ತುಂಟತನ.

"ಈಗ ಸಭೆ ಶುರು ಮಾಡ್ತೀರಾ? ನಾನು ಅದಕ್ಕೇ ಬಂದೋನು."

ನನ್ನ ಕಿವಿ ಬಿಸಿಯಾಯಿತು.

ಮನೆಯಲ್ಲಿ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರು ಗುರುವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಬನ್ನಿ, ಕಾಫಿ ಇರುತ್ತದೆ ಎಂದು ಔಷಧಿ ಅಂಗಡಿಯಲ್ಲೂ ಬೇಕರಿಯಲ್ಲೂ ಚೀಟಿ ಅಂಟಿಸಿದವಳು ನಾನೇ. ಯಾರೂ ಬರುತ್ತಿರಲಿಲ್ಲ. ಬರಬೇಕಾದವರಿಗೆ ಮನೆ ಬಿಡಲು ಆಗುವುದಿಲ್ಲ ಎನ್ನುವುದು ನನಗಾದರೂ ಹೊಳೆಯಬೇಕಿತ್ತು. ನಾನೂ ಅಪ್ಪನನ್ನು ಜೊತೆಗೆ ಕರೆತರುತ್ತಿದ್ದೆ. ಅಪ್ಪನಿಗೆ ಮರೆವು. ಎದುರು ಸಿಕ್ಕವರಿಗೆಲ್ಲ "ನೀನು ಯಾರ ಮಗ?" ಎನ್ನುತ್ತಿದ್ದರು. ಉತ್ತರ ಕೇಳಿಸಿಕೊಂಡು ಮತ್ತೆ ಅದನ್ನೇ ಕೇಳುತ್ತಿದ್ದರು.

ಬಂದವನ ಹೆಸರು ವುಕಾಶಿನ್. ಅವನ ಮಗಳು ನೆವೆನಾ ಹೊರಗೆ ಬೇಲಿಯ ಕಂಬಿಗಳನ್ನು ಒಂದೊಂದಾಗಿ ಮುಟ್ಟುತ್ತ ನಿಂತಿದ್ದಳು. ಹತ್ತು ವರ್ಷದ ಹುಡುಗಿ, ಮಾತು ಬಂದಿಲ್ಲ. ಬಾಗಿಲು ಮುಚ್ಚಿದ ಕೋಣೆಯೆಂದರೆ ಕಿರುಚುತ್ತಾಳೆ. ಕೆಲಸಕ್ಕೆಂದು ವಿಯೆನ್ನಾಕ್ಕೆ ಹೋದ ತಾಯಿ ಅಲ್ಲೇ ಉಳಿದುಬಿಟ್ಟಿದ್ದಳು.

"ಹಾಗಾದ್ರೆ ಸಭೆ ಹೊರಗೇ ಆಗಲಿ," ಎಂದೆ.

"ಮತ್ತೆ ನಾನು ಹೀಟರ್ ಸರಿಮಾಡಿದ್ದು ಯಾತಕ್ಕೆ?"

"ಕುರ್ಚಿಗಳಿಗೆ ಚಳಿಯಾಗ್ಬಾರದಲ್ಲ."

ಅವನು ನಕ್ಕ. ನಗುವುದನ್ನು ಬಿಟ್ಟು ಬಹಳ ದಿನವಾದವರ ನಗು ಅದು, ಅರ್ಧಕ್ಕೇ ನಿಂತಿತು.

ನಮ್ಮ ಸಂಘವೆಂದರೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತ ನಾಲ್ಕು ಜನ. ಎಲ್ಲರ ಅಂಗಳದಲ್ಲೂ ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುವ ಕಾಲ, ಬೀದಿಯೆಲ್ಲ ಅದರ ಘಮ. ಅಪ್ಪ ಕೇಳಿದಾಗಲೆಲ್ಲ ವುಕಾಶಿನ್ ಬೇರೆ ಬೇರೆ ಉತ್ತರ ಕೊಡುತ್ತಿದ್ದ. ಒಮ್ಮೆ ಕಮ್ಮಾರನ ಮಗ, ಒಮ್ಮೆ ಬಿಷಪ್ಪನ ಮಗ.

"ಬಿಷಪ್ಪನಿಗೆ ಮಗನೇ?" ಅಪ್ಪ ಗಾಬರಿಯಾದರು.

"ಯಾರಿಗೂ ಹೇಳ್ಬೇಡಿ ತಾತ," ಎಂದು ಅವನು ನನ್ನತ್ತ ಓರೆಗಣ್ಣಲ್ಲಿ ನೋಡಿದ. ನನಗೆ ನಗು ಬಂತೋ ಇಲ್ಲವೋ ಎಂಬುದೊಂದೇ ಅವನಿಗೆ ಬೇಕಿತ್ತು. ಆ ನೋಟ ಮನೆಗೆ ಹೋದ ಮೇಲೂ ನನ್ನ ಕೆನ್ನೆಯ ಮೇಲೇ ಇರುತ್ತಿತ್ತು. 'ನೀವು' ಯಾವ ಗುರುವಾರ 'ನೀನು' ಆಯಿತೋ ನೆನಪಿಲ್ಲ.

ಪ್ರೀತಿಸುವವರು ಏನೇನು ಮಾಡುತ್ತಾರೋ, ನಾನಂತೂ ಫೋನ್ ಮಾಡಿದೆ. ನಿಶ್ ನಗರದಲ್ಲಿ ನೆವೆನಾಳಂಥ ಮಕ್ಕಳನ್ನು ಹಗಲು ಹೊತ್ತು ನೋಡಿಕೊಂಡು, ಸನ್ನೆಯಲ್ಲಿ ಮಾತು ಕಲಿಸುವ ಒಂದು ಕೇಂದ್ರವಿತ್ತು. ಅಲ್ಲಿನ ಹೆಂಗಸಿಗೆ ನನ್ನ 'ಹಲೋ' ಕೇಳಿದರೇ ನಿಟ್ಟುಸಿರು. ಕೊನೆಗೊಂದು ದಿನ ಅವಳೇ ಫೋನ್ ಮಾಡಿದಳು. ಜಾಗ ಖಾಲಿಯಾಗಿದೆ, ಆದರೆ ಆ ಊರಲ್ಲೇ ವಾಸವಿರಬೇಕು.

ಅವನಿಗೆ ಹೇಳಲು ಓಡಿದೆ. ಸೇತುವೆಯ ನಡುವೆ ಬಂದಾಗ ಕಾಲು ತಾನಾಗಿ ನಿಧಾನವಾಯಿತು. ಯಾರಿಗಾಗಿ ಹುಡುಕಿದೆನೋ ಅವನನ್ನೇ ಊರು ಬಿಡಿಸಿದ್ದೆ.

ವುಕಾಶಿನ್ ಪೂರ್ತಿ ಕೇಳಿಸಿಕೊಂಡ.

"ನನ್ನ ಕಳಿಸೋಕೆ ನಿನಗೆ ಇಷ್ಟು ಆತುರಾನಾ, ದೆಸಾಂಕಾ?"

"ಹೌದು. ಕಾಫಿ ಉಳಿಯುತ್ತೆ," ಎಂದೆ. ಇಬ್ಬರೂ ನಗಲಿಲ್ಲ.

ಹೊರಡುವುದಕ್ಕೆ ಮುಂಚೆ ಅವನ ಮನೆತನವನ್ನು ಕಾಯುವ ಸಂತ ಲೂಕನ ಹಬ್ಬ ಬಂತು. ಆ ದಿನಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಬೇಕಾದವರು ತಾವಾಗಿ ಬರುತ್ತಾರೆ. ನೆವೆನಾಳ ಕಿರುಚಾಟ ಜೋರಾದಂದಿನಿಂದ ಆ ಮನೆಗೆ ಯಾರೂ ಬಂದಿರಲಿಲ್ಲ. ನಾನು ಅಪ್ಪನಿಗೆ ಕೋಟು ತೊಡಿಸಿ ಕರೆದುಕೊಂಡು ಹೋದೆ.

ಬಾಗಿಲು ಹಾರು ಹೊಡೆದಿತ್ತು. ಮೇಣದಬತ್ತಿ ಉರಿಯುತ್ತಿತ್ತು. ಬೇಯಿಸಿದ ಸಿಹಿ ಗೋಧಿ, ಎಲೆಕೋಸಿನ ಸುರುಳಿ, ಇಪ್ಪತ್ತು ಜನಕ್ಕಾಗುವಷ್ಟು. ಹಬ್ಬದ ದಿನ ಮನೆ ಯಜಮಾನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ಖಾಲಿ ಕುರ್ಚಿಗಳ ನಡುವೆ ಅವನೊಬ್ಬನೇ ನಿಂತಿದ್ದ. ನಮ್ಮನ್ನು ಕಂಡು ಕುರ್ಚಿ ಎಳೆದು ಕೂರಿಸಿ, ಬಾಟಲಿ ಎತ್ತಿಕೊಂಡ.

ಅಪ್ಪ ಮೇಣದಬತ್ತಿ ನೋಡಿದರು, ಗೋಧಿ ನೋಡಿದರು. ತಮ್ಮದೇ ಮನೆಯೆಂದುಕೊಂಡರು. ವುಕಾಶಿನ್ ಕೈಯಿಂದ ಆ ರಾಕಿಯಾ ಸಾರಾಯಿಯ ಬಾಟಲಿ ತೆಗೆದುಕೊಂಡು, "ಕೂತ್ಕೋ ಮಗನೇ, ದೂರದಿಂದ ಬಂದಿದ್ದೀಯ. ಇವತ್ತು ನಿಂತಿರೋದು ನನ್ನ ಕೆಲಸ," ಎಂದರು.

ನಾನು ತಡೆಯಲು ಎದ್ದೆ. ಅವನು ನನ್ನ ತೋಳು ಹಿಡಿದ.

"ಬಿಡು. ಕೂತ್ಕೋ ಅಂತ ನನಗೆ ಯಾರಾದ್ರೂ ಹೇಳಿ ಎಷ್ಟು ಕಾಲ ಆಯ್ತೋ."

ನನ್ನ ಪಕ್ಕದಲ್ಲೇ ಕೂತ. ತೋಳಿನಿಂದ ಕೈ ತೆಗೆಯಲಿಲ್ಲ. ಅಪ್ಪ ಕುರ್ಚಿಯಿಂದ ಕುರ್ಚಿಗೆ ಹೋಗಿ ಇಲ್ಲದ ಅತಿಥಿಗಳಿಗೆ ಸುರಿಯುತ್ತಿದ್ದರು. ನೆವೆನಾ ಅವರ ಹಿಂದೆ ಹಿಂದೆಯೇ ಒಂದೊಂದು ಕುರ್ಚಿಯ ಬೆನ್ನು ಮುಟ್ಟುತ್ತಿದ್ದಳು.

"ಹೋಗಬೇಡ ಅಂತ ಒಂದು ಸಲ ಹೇಳು," ಎಂದ ಮೆಲ್ಲಗೆ.

"ಹೇಳಿದ್ರೆ?"

"ಉಳೀತೀನಿ."

"ಅದಕ್ಕೇ ಹೇಳಲ್ಲ."

ಅವನು ತಲೆ ತಗ್ಗಿಸಿದ. ಕತ್ತಿನ ಹತ್ತಿರ ನರೆತ ಕೂದಲು, ಆತುರದಲ್ಲಿ ಇಸ್ತ್ರಿ ಮಾಡಿದ ಕಾಲರ್. ಅದನ್ನು ಸರಿಮಾಡಿದೆ. ಕೈ ಹಿಂದೆಗೆಯಲು ಮನಸ್ಸಾಗಲಿಲ್ಲ.

"ಅಲ್ಲಿ ಹೋದ್ಮೇಲೆ ಒಂದು ಕೆಲಸ ಮಾಡು, ವುಕಾಶಿನ್. ಮರೆವಿನ ಮುದುಕರನ್ನ ಹಗಲು ನೋಡ್ಕೊಳ್ಳೋ ಜಾಗ ಎಲ್ಲಿದೆ ಅಂತ ವಿಚಾರಿಸು. ಮೆಟ್ಟಿಲು ಜಾಸ್ತಿ ಇರಬಾರದು."

"ನಿಮ್ಮಪ್ಪ ಒಬ್ಬರಿಗೇನಾ?"

"ಒಬ್ಬರನ್ನೇ ನಾನೆಲ್ಲಿ ಕಳಿಸ್ತೀನಿ?"

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನ ಅಂಗೈ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡ. ಕಣ್ಣು ಒದ್ದೆಯಾಗಿತ್ತು.

"ತುಂಬಾ ಜನ ಕಾಯ್ತಿರ್ತಾರೆ, ದೆಸಾ. ವರ್ಷಗಟ್ಟಲೆ ಆಗಬಹುದು."

"ಆಗುತ್ತೆ," ಎಂದೆ. "ನೀನು ಮೊದಲು ಹೆಸರು ಬರೆಸು."