ಹಸಿರು ಬಂದರೆ ತತ್ತಿಯಿಲ್ಲ

ಕೂಸಿನ ಹೆಬ್ಬೆರಳಿನ ಉಗುರಿಗೆ ತಾಗಿದ ಕೂಡಲೇ ಬಿಸಿಲುಮಾಪಕ ಕೆಂಪಗೆ ಬೆಳಗಿತು. ಮುಂದಿನ ಕೂಸಿಗೂ ಕೆಂಪು. ಅದರ ಹಿಂದಿನದಕ್ಕೂ ಕೆಂಪು.

ಯಂತ್ರ ಕಂಡುಹಿಡಿದ ವಿಜ್ಞಾನಿ ಇಂದುಧರ ದಂಗಾಗಿ ನಿಂತರು. ಸೂಜಿ ಚುಚ್ಚದೆ, ಉಗುರಿನಡಿಯ ರಕ್ತದಲ್ಲಿ ಡಿ ಜೀವಸತ್ವ ಎಷ್ಟಿದೆಯೆಂದು ಅದು ಹೇಳುತ್ತಿತ್ತು: ಸಾಲದಿದ್ದರೆ ಕೆಂಪು, ಸಾಕಷ್ಟಿದ್ದರೆ ಹಸಿರು. ಆ ಸತ್ವ ಸಾಲದಿದ್ದರೆ ಎಳೆಯ ಮೂಳೆ ಗಟ್ಟಿಯಾಗದೆ ಮೈಭಾರಕ್ಕೆ ಬಾಗುತ್ತದೆ. ಬಿಸಿಲು ಅದನ್ನು ಪುಕ್ಕಟೆ ಕೊಡುತ್ತದೆ. ನೆಲಕ್ಕೆ ಹಾಸುವ ಪರಸಿಕಲ್ಲಿನ ಈ ಗಣಿಯೂರಿನಲ್ಲಿ ಬಿಸಿಲಿಗೇನು ಬರ? ಆದರೂ ಯಂತ್ರ ಬಂದ ಮೂರು ವರ್ಷಗಳಲ್ಲಿ ಕೆಂಪು ಏರುತ್ತಲೇ ಇತ್ತು.

“ಯಂತ್ರ ಕೆಟ್ಟಿರಬೇಕು,” ಎಂದರು.

“ಯಂತ್ರ ಛಲೋ ಅದರಿ,” ಎಂದಳು ಅಂಗನವಾಡಿಯ ಕಸ್ತೂರಿಬಾಯಿ, ಮುಖ ತಿರುಗಿಸಿ.

ಕೆಂಪು ಬಂದ ಕೂಸಿಗೆ ದಿನಕ್ಕೊಂದು ತತ್ತಿ, ಒಂದು ಲೋಟ ಹಾಲು. ಹಸಿರು ಬಂದರೆ ಆ ಹೆಸರನ್ನು ಯಂತ್ರವೇ ಅಪೌಷ್ಟಿಕ ಮಕ್ಕಳ ಪಟ್ಟಿಯಿಂದ ಅಳಿಸುತ್ತಿತ್ತು. ಹೊಟ್ಟೆ ತುಂಬಿದವರು ತಂಪು ಕೋಣೆಯಲ್ಲಿ ಕೂತು ಬರೆದ ನಿಯಮ. ಇಂದುಧರರೂ ಅದಕ್ಕೆ ರುಜು ಹಾಕಿದ್ದರು.

ಸಾಲಿನಲ್ಲಿದ್ದ ಕೂಸುಗಳನ್ನೆಲ್ಲ ತಾಯಂದಿರು ಕೌದಿಯಲ್ಲಿ ಸುತ್ತಿ ತಂದಿದ್ದರು.

“ಈ ಬಿಸಿಲಲ್ಲಿ ಕೌದಿ ಯಾಕಮ್ಮ?”

“ಬಿಸಿಲ ಅದಂತ್ಲೇ, ಸಾಹೇಬ್ರ,” ಎಂದಳೊಬ್ಬಳು. ಉಳಿದವರು ನಗು ನುಂಗಿಕೊಂಡರು.

ಹುಸೇನವ್ವನ ಎರಡೂವರೆ ವರ್ಷದ ಮಗಳು ಚಂದಮ್ಮ ಮಾತ್ರ ಬಂದಿರಲಿಲ್ಲ. ಯಂತ್ರ ಹಿಡಿದು ಇಂದುಧರರೇ ಅವಳ ಮನೆಗೆ ಹೊರಟರು. ಕಸ್ತೂರಿಬಾಯಿ ಒಲ್ಲದ ಮನಸ್ಸಿನಿಂದ ಹಿಂದೆ ಬಂದಳು.

ಮನೆಯ ಒಂದೇ ಕಿಟಕಿಗೆ ಪರಸಿ ಚಪ್ಪಡಿ ನಿಲ್ಲಿಸಿ, ಸಂದಿಗೆ ಸೆಗಣಿ ಮೆತ್ತಿದ್ದರು. ಒಳಗೆ ಕಣ್ಣು ಕಾಣದಷ್ಟು ಕತ್ತಲು. ಹಗ್ಗದ ಹೊರಸಿನ ಕೆಳಗೆ ಏನೋ ಅಲುಗಿತು. ಬಗ್ಗಿ ಕೈ ಚಾಚಿದ ಇಂದುಧರರಿಗೆ ಸಿಕ್ಕಿದ್ದು ಬಿಲ್ಲಿನ ಹಾಗೆ ಬಾಗಿದ ಪುಟ್ಟ ಕಾಲು.

“ಹೋದ ತಿಂಗಳ ಹಸಿರಿನ ಸಮೀಪ ಬಂದಿತ್ರಿ,” ಎಂದಳು ಹುಸೇನವ್ವ. “ಇನ್ನಾ ಎರಡು ವಾರ ಕತ್ತಲ್ದಾಗ ಇಟ್ಟು ತರ್ತೀನಿ.”

“ಮಗುವಿನ ಮೂಳೆ ನೀವೇ ಮುರೀತಿದ್ದೀರಲ್ಲಮ್ಮ!”

“ನಮ್ಮ ದೊಡ್ಡಾಕಿಗಿ ಹಸಿರು ಬಂದಿತ್ರಿ. ನಿಮ್ಮ ಮಂದಿ ಚಪ್ಪಾಳಿ ಹೊಡದ್ರು. ಮರುದಿನಾ ತತ್ತಿ ಬಂದ್ ಆತು. ಸೊರಗಿ ಸೊರಗಿ ಮಳಿಗಾಲ್ದಾಗ ಹೋದ್ಳು. ಕಾಲು ಸೊಟ್ಟಾದ್ರ ಕೂಸು ಕುಂಟತದ. ಹೊಟ್ಟಿ ಖಾಲಿ ಆದ್ರ ಕೂಸೇ ಇರಂಗಿಲ್ಲ.”

“ಔಷಧದ ಹನಿ ಕೊಡಿಸ್ತೀನಿ.”

“ಹನಿ ಹಾಕಿದ್ರ ಹಸಿರು ಬರ್ತದಲ್ರೀ,” ಎಂದಳು ಅವಳು, ದಡ್ಡನಿಗೆ ತಿಳಿಹೇಳುವಂತೆ.

ಇಂದುಧರ ಅಂಗಳಕ್ಕೆ ಬಂದು ಇಲಾಖೆಗೆ ಫೋನು ಮಾಡಿದರು. ನಿಯಮ ತಿದ್ದಬೇಕೆಂದರು. ಮುಂದಿನ ವರ್ಷದ ಸಭೆಯಲ್ಲಿ ನೋಡೋಣ ಎಂದರು ಆ ಕಡೆಯವರು. ಮಕ್ಕಳು ಅಲ್ಲಿಯವರೆಗೆ ಕತ್ತಲಲ್ಲಿರಬೇಕೇ ಎಂದು ಕೇಳಿದ್ದಕ್ಕೆ, ಅದು ತಾಯಂದಿರ ಅಜ್ಞಾನ, ಜಾಗೃತಿ ಶಿಬಿರ ಮಾಡಿಸಿ ಎಂಬ ಉತ್ತರ ಬಂತು.

ಅವರು ಒಳಗೆ ಹೋಗಿ ಯಂತ್ರದಲ್ಲಿ ಚಂದಮ್ಮನ ಹೆಸರು ಒತ್ತಿ, ತಮ್ಮದೇ ಹೆಬ್ಬೆರಳನ್ನು ಅದರ ಕೆಳಗಿಟ್ಟರು. ಬಿಸಿಲನ್ನು ಅಳೆಯುವ ಯಂತ್ರಕ್ಕಾಗಿ ಹನ್ನೆರಡು ವರ್ಷ ಕಿಟಕಿಯಿಲ್ಲದ ಪ್ರಯೋಗಾಲಯದಲ್ಲಿ ಕೂತಿದ್ದ ಮನುಷ್ಯ. ಯಂತ್ರ ಕೆಂಪಗೆ ಉರಿಯಿತು.

“ಮಗುವನ್ನ ಹೊರಗೆ ತನ್ನಿ,” ಎಂದರು. “ತತ್ತಿ ನಿಲ್ಲೋದಿಲ್ಲ.”

ಹುಸೇನವ್ವ ಕೆಂಪು ದೀಪವನ್ನೂ ಅವರ ಬೆರಳನ್ನೂ ನೋಡಿ, ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟಿದಳು. ಬಿಸಿಲು ತಾಗಿದೊಡನೆ ಚಂದಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಚೀರಿದಳು.

ಅಷ್ಟರಲ್ಲಿ ಸುದ್ದಿ ಹಬ್ಬಿ, ಕೌದಿ ಸುತ್ತಿದ ಕೂಸುಗಳೊಡನೆ ತಾಯಂದಿರೆಲ್ಲ ಅಂಗಳದಲ್ಲಿ ನಿಂತಿದ್ದರು. ಕಸ್ತೂರಿಬಾಯಿ ದನಿ ತಗ್ಗಿಸಿ ಕೇಳಿದಳು:

“ಬರೋ ತಿಂಗಳ ನೀವಿರಂಗಿಲ್ಲ, ಸಾಹೇಬ್ರ. ಯಾರ ಉಗುರು ಇಡಲಿ?”